ಜೂಲಿಯಾ ಕ್ಯಾಮರನ್: ಹೆಣ್ಣಿನ ಮನಸ್ಸಿಗೆ ಕನ್ನಡಿ ಹಿಡಿದ ಛಾಯಾಗ್ರಾಹಕಿ

ಇಂಗ್ಲೆಂಡಿನ ದಕ್ಷಿಣ ತೀರದ ಲಿಮಿಂಗ್ಟನ್ ಬಂದರಿನಲ್ಲಿ ಹಡಗು ಹತ್ತಿದರೆ ಸುಮಾರು 40 ನಿಮಿಷಗಳಲ್ಲಿ ಐಲ್ ಆಫ್ ವೈಟ್ ದ್ವೀಪದ ಯಾರ್ಮತ್ ತಲುಪಬಹುದು. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಫ್ರೆಶ್‌ವಾಟರ್ ಎಂಬ ಊರು. ಆ ಊರಿನ ಕಡಲಿಗೆ ಸಮೀಪದಲ್ಲಿ 'ಡಿಂಬೋಲಾ' ಎಂಬ ಹಳೆಯ ಮನೆಯೊಂದಿದೆ. ಇಂಗ್ಲಿಷ್ ಊರಿನಲ್ಲಿ ಈ ವಿಚಿತ್ರ ಹೆಸರು ಏಕೆ ಎಂದು ವಿಚಾರಿಸಿದರೆ ಉತ್ತರ ಸಿಗುವುದು ಶ್ರೀಲಂಕಾದ ಕಾಫಿ ತೋಟವೊಂದರಲ್ಲಿ. ಆ ಮನೆಯ ಒಡತಿ ಹುಟ್ಟಿದ್ದು ಕಲ್ಕತ್ತೆಯಲ್ಲಿ, ಬೆಳೆದದ್ದು ಫ್ರಾನ್ಸಿನಲ್ಲಿ, ಬಾಳಿದ್ದು ಇಂಗ್ಲೆಂಡಿನಲ್ಲಿ, ಕಣ್ಣು ಮುಚ್ಚಿದ್ದು ಸಿಲೋನಿನ ಬೆಟ್ಟಗಳ ನಡುವೆ. ಆಕೆಯೇ ಜೂಲಿಯಾ ಮಾರ್ಗರೆಟ್ ಕ್ಯಾಮರನ್. ಕ್ಯಾಮರಾ ಎಂಬ ಪೆಟ್ಟಿಗೆ ಕೇವಲ ಮುಖದ ನಕಲು ತೆಗೆಯುವ ಯಂತ್ರವೆಂದು ಜನ ನಂಬಿದ್ದ ಕಾಲದಲ್ಲಿ, ಹೆಣ್ಣಿನ ದುಃಖ, ಕಾತರ, ಮಾತೃತ್ವ, ಮೌನಗಳನ್ನು ಅದರಲ್ಲಿ ಹಿಡಿದಿಟ್ಟವಳು.

ನಾನು ಆ ಮನೆಗೆ ಮೊದಲ ಸಲ ಹೋದದ್ದು ಕೆಲವು ವರ್ಷಗಳ ಹಿಂದೆ, ಆಸ್ಪತ್ರೆಯ ಸರದಿಯಿಂದ ಬಿಡುವು ದೊರೆತ ಒಂದು ಭಾನುವಾರ. ಕಲೆಯ ಬಗ್ಗೆ ನನಗೆ ವಿಶೇಷ ಪಾಂಡಿತ್ಯವಿಲ್ಲ. ಆದರೆ ಮೂವತ್ತು ವರ್ಷಗಳಿಂದ ರೋಗಿಗಳ ಮುಖ ನೋಡುವುದೇ ನನ್ನ ವೃತ್ತಿಯಾಗಿದೆ. ಹೇಳಿಕೊಂಡ ನೋವಿಗಿಂತ ಹೇಳದೆ ಉಳಿಸಿಕೊಂಡ ನೋವು ಎಲ್ಲಿ ಅಡಗಿರುತ್ತದೆ ಎಂಬುದನ್ನು ಹುಡುಕುವ ಅಭ್ಯಾಸ ಬೆಳೆದುಬಿಟ್ಟಿದೆ. ಆ ಗೋಡೆಗಳ ಮೇಲಿನ ಚಿತ್ರಗಳಲ್ಲಿ ಒಬ್ಬರೂ ನಗುತ್ತಿರಲಿಲ್ಲ. ನಾನು ಬಹಳ ಹೊತ್ತು ಅಲ್ಲಿಯೇ ನಿಂತೆ. ಅದಕ್ಕೆ ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಆಕೆಯ ಬದುಕನ್ನು ನೋಡೋಣ.

ಜೂಲಿಯಾ ಹುಟ್ಟಿದ್ದು 1815ರ ಜೂನ್ 11ರಂದು. ತಂದೆ ಜೇಮ್ಸ್ ಪ್ಯಾಟಲ್ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ. ತಾಯಿ ಫ್ರೆಂಚ್ ಮನೆತನದವಳು. ಅಂದಿನ ಆಂಗ್ಲ ಕುಟುಂಬಗಳ ಪದ್ಧತಿಯಂತೆ ಎಳೆಯ ವಯಸ್ಸಿನಲ್ಲಿಯೇ ಮಕ್ಕಳನ್ನು ಯೂರೋಪಿಗೆ ಕಳುಹಿಸಲಾಯಿತು. ಜೂಲಿಯಾ ವರ್ಸೇಲ್ಸ್‌ನಲ್ಲಿ ಅಜ್ಜಿಯ ಆಶ್ರಯದಲ್ಲಿ ಬೆಳೆದಳು. ಪ್ಯಾಟಲ್ ಸೋದರಿಯರು ರೂಪವತಿಯರೆಂದು ಹೆಸರಾಗಿದ್ದರು. ಆ ಸಾಲಿನಲ್ಲಿ ಜೂಲಿಯಾ ಒಬ್ಬಳೇ ಸಾಧಾರಣ ರೂಪಿನವಳೆಂದು ಎಲ್ಲರ ಅಭಿಪ್ರಾಯ. ಮುಂದೆ ಸೌಂದರ್ಯವನ್ನು ಹಿಡಿದಿಡಲು ಹಂಬಲಿಸಿದವಳು ಅವಳೇ.

1836ರಲ್ಲಿ ಆರೋಗ್ಯ ಸುಧಾರಣೆಗೆಂದು ದಕ್ಷಿಣ ಆಫ್ರಿಕಾದ ಕೇಪ್ ಪ್ರಾಂತ್ಯದಲ್ಲಿದ್ದಾಗ ಆಕೆಗೆ ಇಬ್ಬರ ಪರಿಚಯವಾಯಿತು. ಒಬ್ಬರು ಖಗೋಳ ವಿಜ್ಞಾನಿ ಸರ್ ಜಾನ್ ಹರ್ಷೆಲ್, ಇನ್ನೊಬ್ಬರು ನ್ಯಾಯಶಾಸ್ತ್ರಜ್ಞ ಚಾರ್ಲ್ಸ್ ಹೇ ಕ್ಯಾಮರನ್. ತನಗಿಂತ 20 ವರ್ಷ ಹಿರಿಯರಾದ ಚಾರ್ಲ್ಸ್‌ರನ್ನು ಆಕೆ 1838ರಲ್ಲಿ ಕಲ್ಕತ್ತೆಯಲ್ಲಿ ವಿವಾಹವಾದಳು. ಮೆಕಾಲೆಯ ಅಧ್ಯಕ್ಷತೆಯಲ್ಲಿ ಭಾರತೀಯ ದಂಡ ಸಂಹಿತೆಯ ಕರಡನ್ನು ರಚಿಸಿದ ಕಾನೂನು ಆಯೋಗದ ಸದಸ್ಯರಲ್ಲಿ ಈ ಚಾರ್ಲ್ಸ್ ಕೂಡ ಒಬ್ಬರು. 1860ರಲ್ಲಿ ಅಂಗೀಕಾರವಾದ ಆ ಸಂಹಿತೆ 2024ರವರೆಗೂ ನಮ್ಮ ದೇಶವನ್ನು ಆಳಿತು. ಹರ್ಷೆಲ್ ಅವರೋ ಛಾಯಾಗ್ರಹಣದ ರಸಾಯನಶಾಸ್ತ್ರಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರು. ಈ ಹೊಸ ಕಲೆ ಹುಟ್ಟಿದ ದಿನಗಳಲ್ಲಿಯೇ ಅದರ ಮಾದರಿಗಳನ್ನು ಅವರು ಕಲ್ಕತ್ತೆಗೆ ಆಕೆಗೆ ಕಳುಹಿಸಿಕೊಟ್ಟಿದ್ದರು. ಬೀಜ ಬಿದ್ದದ್ದು ಆಗ. ಮೊಳಕೆಯೊಡೆಯಲು ಸುಮಾರು ಕಾಲು ಶತಮಾನ ಹಿಡಿಯಿತು.

1848ರಲ್ಲಿ ಪತಿ ನಿವೃತ್ತರಾದಾಗ ಕುಟುಂಬ ಇಂಗ್ಲೆಂಡಿಗೆ ಬಂದಿತು. ಆರು ಮಂದಿ ಸ್ವಂತ ಮಕ್ಕಳು, ಜೊತೆಗೆ ಸಾಕಿಕೊಂಡ ಅನಾಥ ಮಕ್ಕಳು, ಅತಿಥಿಗಳು, ಪತ್ರಗಳು. ಜೂಲಿಯಾಳ ದಿನಗಳು ಇವುಗಳಲ್ಲಿಯೇ ಕಳೆದವು. 1860ರಲ್ಲಿ ಕವಿ ಟೆನ್ನಿಸನ್ನರ ನೆರೆಯಲ್ಲಿ, ಫ್ರೆಶ್‌ವಾಟರ್‌ನಲ್ಲಿ ನೆಲೆಸಿ, ಸಿಲೋನಿನ ತಮ್ಮ ತೋಟದ ಹೆಸರನ್ನು ಮನೆಗಿಟ್ಟರು. ಮಕ್ಕಳು ಬೆಳೆದು ದೂರವಾದರು. ಪತಿ ಆಗಾಗ ಸಿಲೋನಿನ ತೋಟಗಳ ಕಡೆ ಹೊರಟುಬಿಡುತ್ತಿದ್ದರು. ಇಂತಹ ಒಂದು ಒಂಟಿತನದ ಅವಧಿಯಲ್ಲಿ, 1863ರ ಡಿಸೆಂಬರಿನಲ್ಲಿ, ಮಗಳು ಮತ್ತು ಅಳಿಯ ಸೇರಿ ತಾಯಿಯ ಬೇಸರ ಕಳೆಯಲೆಂದು ಒಂದು ಕ್ಯಾಮರಾವನ್ನು ಉಡುಗೊರೆಯಾಗಿ ಕೊಟ್ಟರು. ಆಗ ಆಕೆಯ ವಯಸ್ಸು 48.

ಆ ಕ್ಯಾಮರಾ ಇಂದಿನ ಮೊಬೈಲ್‌ನಂತೆ ಒತ್ತಿದೊಡನೆ ಚಿತ್ರ ಕೊಡುವ ಸಾಧನವಾಗಿರಲಿಲ್ಲ. ಅಗಲವಾದ ಗಾಜಿನ ಫಲಕದ ಮೇಲೆ ಕೊಲೊಡಿಯನ್ ಎಂಬ ಅಂಟು ದ್ರವವನ್ನು ಸಮನಾಗಿ ಹರಡಬೇಕು. ಅದನ್ನು ಕತ್ತಲೆಯಲ್ಲಿ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಿ, ಹಸಿಯಾಗಿರುವಾಗಲೇ ಕ್ಯಾಮರಾದಲ್ಲಿಟ್ಟು ಚಿತ್ರ ತೆಗೆದು, ಒಣಗುವ ಮುನ್ನವೇ ಸಂಸ್ಕರಿಸಬೇಕು. ಚಿತ್ರವನ್ನು ಸ್ಥಿರಗೊಳಿಸಲು ಆಕೆ ಬಳಸುತ್ತಿದ್ದದ್ದು ಪೊಟ್ಯಾಸಿಯಂ ಸಯನೈಡ್. ವೈದ್ಯೆಯಾಗಿ ಈ ವಿವರ ಓದಿದಾಗ ನನಗೆ ನಡುಕ ಬಂದಿತು. ಬರಿಗೈಯಲ್ಲಿ, ಗಾಳಿಯಾಡದ ಕೋಣೆಯಲ್ಲಿ ಆ ವಿಷದೊಡನೆ ಆಕೆ ಹನ್ನೊಂದು ವರ್ಷ ಒಡನಾಡಿದಳು. ಕಲ್ಲಿದ್ದಲು ಇಡುವ ಕೊಠಡಿ ಕತ್ತಲೆ ಕೋಣೆಯಾಯಿತು. ಕೋಳಿಗಳನ್ನು ಹೊರಗೆ ಬಿಟ್ಟ ಮೇಲೆ ಅವುಗಳ ಗಾಜಿನ ಗೂಡು ಸ್ಟುಡಿಯೋ ಆಯಿತು. ಬೆರಳುಗಳು, ಉಡುಪು, ಮನೆಯ ಬಟ್ಟೆಬರೆಗಳೆಲ್ಲ ಸಿಲ್ವರ್ ನೈಟ್ರೇಟಿನ ಕಪ್ಪು ಕಲೆಗಳಿಂದ ತುಂಬಿದವು. 1864ರ ಜನವರಿ ಕೊನೆಯಲ್ಲಿ ಆನಿ ಫಿಲ್ಪಾಟ್ ಎಂಬ ಬಾಲಕಿಯ ಚಿತ್ರ ಸರಿಯಾಗಿ ಮೂಡಿದಾಗ, ಅದೇ ತನ್ನ ಮೊದಲ ಯಶಸ್ಸೆಂದು ಆಕೆ ಅದರ ಮೇಲೆ ಬರೆದಿಟ್ಟಳು.

ಅಲ್ಲಿಂದ ಮುಂದಿನದು ಓಟ. ಡಾರ್ವಿನ್, ಟೆನ್ನಿಸನ್, ಹರ್ಷೆಲ್, ಕಾರ್ಲೈಲ್ ಮುಂತಾದ ಮಹನೀಯರ ಚಿತ್ರಗಳನ್ನು ಆಕೆ ತೆಗೆದಳು, ಅವು ಪ್ರಸಿದ್ಧವಾದವು. ಆದರೆ ಆಕೆಯ ಹೃದಯ ಇದ್ದದ್ದು ಹೆಂಗಸರ ಚಿತ್ರಗಳಲ್ಲಿ. ಇಲ್ಲಿ ಆಕೆ ಹಿಡಿದ ದಾರಿ ವಿಶಿಷ್ಟವಾದುದು. ಪುರುಷರನ್ನು ಅವರವರ ಹೆಸರಿನಲ್ಲಿಯೇ ಚಿತ್ರಿಸಿದಳು. ಹೆಂಗಸರಿಗೆ ಪುರಾಣ, ಕಾವ್ಯ, ಇತಿಹಾಸಗಳ ಪಾತ್ರಗಳನ್ನು ತೊಡಿಸಿದಳು. ವಿಕ್ಟೋರಿಯಾ ಕಾಲದ ಗೃಹಿಣಿ ತನ್ನ ಅಳಲನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಆದರೆ ಮಗುವನ್ನು ಅಪ್ಪಿದ ಮೇರಿ ಮಾತೆಯಾಗಿಯೋ ಗ್ರೀಕ್ ಕವಯಿತ್ರಿ ಸ್ಯಾಫೊ ಆಗಿಯೋ ಕುಳಿತಾಗ, ಆ ವೇಷದ ಮರೆಯಲ್ಲಿ ಅವಳ ನಿಜವಾದ ಭಾವ ಹೊರಬರಬಹುದಿತ್ತು. ನಮ್ಮ ಯಕ್ಷಗಾನ ಬಲ್ಲವರಿಗೆ ಈ ಮಾತು ಹೊಸದಲ್ಲ. ವೇಷ ಮುಚ್ಚುವುದಕ್ಕಷ್ಟೇ ಅಲ್ಲ, ತೆರೆಯುವುದಕ್ಕೂ ಒದಗುತ್ತದೆ.

1866ರಲ್ಲಿ ತೆಗೆದ 'ಬಿಯಾಟ್ರಿಸ್' ಚಿತ್ರವನ್ನು ನೋಡಿ. ಬಿಯಾಟ್ರಿಸ್ ಚೆಂಚಿ ರೋಮಿನ ತರುಣಿ. ಕ್ರೂರಿಯಾದ ತಂದೆಯ ಹಿಂಸೆ ತಾಳಲಾರದೆ ಅವನ ಕೊಲೆಯಲ್ಲಿ ಪಾಲುಗೊಂಡಳೆಂದು 1599ರಲ್ಲಿ ಅವಳಿಗೆ ಮರಣದಂಡನೆಯಾಯಿತು. ಮನೆಯೊಳಗಿನ ಹಿಂಸೆಯ ಬಗ್ಗೆ ಯಾರೂ ಮಾತನಾಡದ ಕಾಲದಲ್ಲಿ ಕ್ಯಾಮರನ್ ಆ ಹೆಣ್ಣನ್ನು ಆರಿಸಿಕೊಂಡಳು. ಪಾತ್ರ ವಹಿಸಿದವಳು ತಂಗಿಯ ಮನೆಯಲ್ಲಿ ಬೆಳೆದ ಮೇ ಪ್ರಿನ್ಸೆಪ್. ತಲೆಗೆ ಸುತ್ತಿದ ಬಟ್ಟೆ, ಓರೆಯಾದ ಕತ್ತು, ಎಲ್ಲಿಯೂ ನೆಲೆ ನಿಲ್ಲದ ನೋಟ; ಇಷ್ಟರಲ್ಲಿಯೇ ಎಲ್ಲವೂ ಇದೆ. ರಕ್ತವಿಲ್ಲ, ಆಯುಧವಿಲ್ಲ. ಗಾಯಕ್ಕೆ ಬೇರೆ ಕಾರಣ ಹೇಳುವ ಹೆಂಗಸರು ನನ್ನ ಕೋಣೆಗೆ ಬಂದಾಗ ನಾನು ಕಂಡದ್ದು ಇದೇ ನೋಟವನ್ನು.

ಇನ್ನೊಂದು ಚಿತ್ರ 1864ರ 'ಸ್ಯಾಡ್‌ನೆಸ್', ಅಂದರೆ ವಿಷಾದ. ಚಿತ್ರದಲ್ಲಿರುವವಳು ಮುಂದೆ ಇಂಗ್ಲೆಂಡಿನ ಮಹಾನಟಿಯಾದ ಎಲೆನ್ ಟೆರಿ. ಹದಿನೇಳು ತುಂಬುವ ಒಂದು ವಾರ ಮೊದಲು, ತನಗಿಂತ ಸುಮಾರು 30 ವರ್ಷ ಹಿರಿಯರಾದ ಚಿತ್ರಕಾರ ವಾಟ್ಸ್ ಅವರೊಡನೆ ಅವಳ ಮದುವೆಯಾಗಿತ್ತು. ಗೋಡೆಗೆ ಒರಗಿ, ಕಣ್ಣು ಇಳಿಸಿ, ಕೊರಳ ಸರವನ್ನು ಬೆರಳುಗಳಿಂದ ಹಿಡಿದುಕೊಂಡಿದ್ದಾಳೆ. ಒಂದು ವರ್ಷದೊಳಗೆ ಆ ದಾಂಪತ್ಯ ಮುರಿದುಬಿತ್ತು. ಮದುವೆಯ ಹೊಸತರಲ್ಲಿ ಯಾರೂ ಕೇಳದಿದ್ದ ಸಂಗತಿಯನ್ನು ಕ್ಯಾಮರಾ ದಾಖಲಿಸಿಬಿಟ್ಟಿತ್ತು.

ಸೋದರಿಯ ಮಗಳು ಜೂಲಿಯಾ ಜಾಕ್ಸನ್‌ಳಿಗೆ ಮಾತ್ರ ಆಕೆ ಹೆಚ್ಚಾಗಿ ಯಾವ ವೇಷವನ್ನೂ ತೊಡಿಸಲಿಲ್ಲ. 1867ರಲ್ಲಿ, ಮದುವೆಯ ಆಸುಪಾಸಿನಲ್ಲಿ ತೆಗೆದ ಚಿತ್ರದಲ್ಲಿ ಆ ಮುಖದ ಅರ್ಧ ಬೆಳಕು, ಅರ್ಧ ಕತ್ತಲು. ಮೂರೇ ವರ್ಷಗಳಲ್ಲಿ ಅವಳು ವಿಧವೆಯಾದಳು. ಮುಂದೆ ಮರುವಿವಾಹವಾಗಿ ಜನಿಸಿದ ಮಕ್ಕಳಲ್ಲಿ ಒಬ್ಬಳು ಲೇಖಕಿ ವರ್ಜೀನಿಯಾ ವೂಲ್ಫ್. ದೊಡ್ಡಮ್ಮನ ತಲೆಮಾರಿನ ಈ ಅಜ್ಜಿಯ ಚಿತ್ರಗಳನ್ನು 1926ರಲ್ಲಿ ಪುಸ್ತಕವಾಗಿ ಹೊರತಂದು, ಮರೆತುಹೋಗಿದ್ದ ಹೆಸರನ್ನು ಮತ್ತೆ ಬೆಳಕಿಗೆ ತಂದವರಲ್ಲಿ ವರ್ಜೀನಿಯಾ ಪ್ರಮುಖಳು.

ಅಂದಿನ ಛಾಯಾಗ್ರಾಹಕರ ಸಂಘದವರು ಆಕೆಯನ್ನು ಮನಸಾರೆ ಒಪ್ಪಲಿಲ್ಲ. ಚಿತ್ರಗಳು ಮಸುಕು, ಗಾಜಿನ ಮೇಲೆ ಗೀರು, ಬೆರಳ ಗುರುತು ಎಂದು ಆಕ್ಷೇಪಿಸಿದರು. ಸ್ಯಾಫೊ ಚಿತ್ರದ ಗಾಜು ಬಿರುಕು ಬಿಟ್ಟಾಗಲೂ ಆಕೆ ಅದನ್ನು ಎಸೆಯದೆ ಅದರಿಂದಲೇ ಪ್ರತಿ ತೆಗೆದಳು. ಸ್ಪಷ್ಟತೆ ಎಲ್ಲಿಗೆ ಸಾಕು ಎಂದು ನಿರ್ಧರಿಸುವವಳು ತಾನೇ ಎಂಬುದು ಆಕೆಯ ನಿಲುವು. ಹಾಗೆಂದು ವ್ಯವಹಾರ ತಿಳಿಯದವಳಲ್ಲ. ಐನೂರಕ್ಕೂ ಹೆಚ್ಚು ಚಿತ್ರಗಳ ಹಕ್ಕುಸ್ವಾಮ್ಯವನ್ನು ನೋಂದಾಯಿಸಿದ್ದಳು. ಇಂದಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯ, ಆಗಿನ ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಂ, 1865ರಲ್ಲಿ ಆಕೆಯ ಚಿತ್ರಗಳನ್ನು ಕೊಂಡು, 1868ರಲ್ಲಿ ಕೆಲಸ ಮಾಡಲು ಎರಡು ಕೋಣೆಗಳನ್ನೂ ಒದಗಿಸಿತು.

ಆಕೆಯನ್ನು ಮೆಚ್ಚುವಾಗ ಒಂದು ಮಾತನ್ನು ಮರೆಯಬಾರದು. ಮೇರಿ ಮಾತೆಯಾಗಿ ಕುಳಿತ ಮೇರಿ ಹಿಲಿಯರ್ ಆ ಮನೆಯ ಕೆಲಸದಾಕೆ. ಯಜಮಾನಿ ಕರೆದಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು, ಉಸಿರು ಬಿಗಿಹಿಡಿದು ನಿಮಿಷಗಟ್ಟಲೆ ಅಲುಗದೆ ಕೂರಬೇಕು. ಅಲುಗಿದರೆ ಮತ್ತೆ ಮೊದಲಿನಿಂದ. ಆ ಮುಖಗಳ ಗಾಂಭೀರ್ಯದಲ್ಲಿ ಸ್ವಲ್ಪ ಪಾಲು ಆಯಾಸದ್ದೂ ಇರಬೇಕು. ಮತ್ತೊಬ್ಬ ಕೆಲಸದಾಕೆ ಮೇರಿ ರಯಾನ್, ಲಂಡನ್ನಿನ ಅಂಚಿನಲ್ಲಿ ತಾಯಿಯೊಡನೆ ಭಿಕ್ಷೆ ಬೇಡುತ್ತಿದ್ದ ಐರಿಷ್ ಬಾಲಕಿ. ಪ್ರದರ್ಶನದಲ್ಲಿ ಅವಳ ಚಿತ್ರ ನೋಡಿ ಮನಸೋತ ತರುಣನೊಬ್ಬ 1867ರಲ್ಲಿ ಅವಳನ್ನು ಮದುವೆಯಾಗಿ ಭಾರತಕ್ಕೆ ಕರೆದೊಯ್ದ. ಆತ ಹೆನ್ರಿ ಕಾಟನ್; 1904ರ ಮುಂಬಯಿ ಅಧಿವೇಶನದಲ್ಲಿ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ಸಿನ ಅಧ್ಯಕ್ಷನಾದ ಇಂಗ್ಲಿಷ್ ಅಧಿಕಾರಿ. ಒಂದು ಚಿತ್ರ ಒಬ್ಬಳ ಜೀವನವನ್ನು ಅಷ್ಟು ದೂರ ಒಯ್ದಿತು.

1873ರಲ್ಲಿ ದೊಡ್ಡ ಆಘಾತ ಬಂದಿತು. ಆ ಮೊದಲ ಕ್ಯಾಮರಾವನ್ನು ತಂದುಕೊಟ್ಟಿದ್ದ ಒಬ್ಬಳೇ ಮಗಳು ಹೆರಿಗೆಯಲ್ಲಿ ತೀರಿಕೊಂಡಳು. ಸಿಲೋನಿನ ತೋಟಗಳಿಗೆ 1869ರಿಂದ ಎಲೆ ತುಕ್ಕು ರೋಗ ಹಬ್ಬಿ ಆದಾಯ ಕುಸಿಯುತ್ತಿತ್ತು. ಮಲೆನಾಡಿನ ಕಾಫಿ ಬೆಳೆಗಾರರ ಮನೆಯಲ್ಲಿ ಬೆಳೆದ ನನಗೆ, ಎಲೆಯ ಹಿಂಬದಿಯ ಆ ಕಿತ್ತಳೆ ಬಣ್ಣದ ಪುಡಿ ಒಂದು ಮನೆತನವನ್ನು ಹೇಗೆ ಅಲ್ಲಾಡಿಸಬಲ್ಲದೆಂದು ಯಾರೂ ವಿವರಿಸಬೇಕಾಗಿಲ್ಲ. 1875ರಲ್ಲಿ ದಂಪತಿ ಇಂಗ್ಲೆಂಡ್ ಬಿಟ್ಟು ಸಿಲೋನಿಗೆ ಹೊರಟರು. ಅಲ್ಲಿ ಶವಪೆಟ್ಟಿಗೆ ದೊರೆಯದಿದ್ದರೆ ಎಂದು ಎರಡನ್ನು ಜೊತೆಗೇ ಒಯ್ದರೆಂಬುದು ಪ್ರಸಿದ್ಧವಾದ ಕಥೆ.

ಸಿಲೋನಿನಲ್ಲಿ ಆಕೆ ತೆಗೆದ ಚಿತ್ರಗಳಲ್ಲಿ ಕೆಲವಷ್ಟೇ ಉಳಿದಿವೆ. ಅಲ್ಲಿನ ತೋಟದ ಹೆಂಗಸರು, ಹಳ್ಳಿಗರು ಅದೇ ಗಾಂಭೀರ್ಯದಿಂದ ನಮ್ಮನ್ನು ನೋಡುತ್ತಾರೆ. ಆದರೆ ಫ್ರೆಶ್‌ವಾಟರ್‌ನ ಕೆಲಸದವರಿಗೆ ದಕ್ಕಿದಂತೆ ಇವರಿಗೆ ಹೆಸರು ದಕ್ಕಲಿಲ್ಲ. ಬಹುಪಾಲು ಚಿತ್ರಗಳಿಗೆ ಊರಿನ ಹೆಸರೋ ಜನವರ್ಗದ ಹೆಸರೋ ಮಾತ್ರ ಇದೆ. ಭಾರತದಲ್ಲಿ ಹುಟ್ಟಿದ, ಇಷ್ಟು ಸೂಕ್ಷ್ಮ ಕಣ್ಣಿನ ಹೆಣ್ಣಿಗೂ ಆ ಕಾಲದ ಆಳುವವರ ದೃಷ್ಟಿಯನ್ನು ಪೂರ್ತಿ ದಾಟಲಾಗಲಿಲ್ಲ. 1879ರ ಜನವರಿ 26ರಂದು ಆಕೆ ಡಿಕೋಯಾ ಕಣಿವೆಯಲ್ಲಿ ತೀರಿಕೊಂಡಳು. ಮರುವರ್ಷ ಪತಿಯೂ ಹೊರಟರು. ಬೊಗವಂತಲಾವದ ಚಿಕ್ಕ ಚರ್ಚಿನ ಅಂಗಳದಲ್ಲಿ ಇಬ್ಬರ ಸಮಾಧಿಯೂ ಇದೆ. ಆಕೆ ಬಿಟ್ಟುಹೋದ ಚಿತ್ರಗಳು 1,200ಕ್ಕೂ ಹೆಚ್ಚು.

ಈಗ ನನ್ನ ಕಾರಣಕ್ಕೆ ಬರುತ್ತೇನೆ. ಎಂ.ಡಿ. ಮುಗಿಸಿ 1990ರ ದಶಕದ ಕೊನೆಯಲ್ಲಿ ನಾನು ಪತಿಯೊಡನೆ ಈ ದೇಶಕ್ಕೆ ಬಂದೆ. ಇಲ್ಲಿ ವೃತ್ತಿ ಮಾಡಲು ಪ್ಲ್ಯಾಬ್ ಪರೀಕ್ಷೆ ಬರೆಯಬೇಕು, ನಂತರ ಕೆಲಸ ಹುಡುಕಬೇಕು. ಎರಡು ಚಳಿಗಾಲಗಳನ್ನು ನಾನು ಒಂದು ಬಾಡಿಗೆ ಮನೆಯ ಕಿಟಕಿಯ ಬಳಿ ಪುಸ್ತಕ ಹಿಡಿದು ಕಳೆದೆ. ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುತ್ತಿತ್ತು. ಅರ್ಜಿಗಳಿಗೆ ಉತ್ತರ ಬರುತ್ತಿರಲಿಲ್ಲ. ಆಗ ಊರಿಗೆ ಕಳುಹಿಸಿದ ಪ್ರತಿ ಫೋಟೋದಲ್ಲಿಯೂ ನಾನು ನಗುತ್ತಿದ್ದೇನೆ: ಟವರ್ ಬ್ರಿಜ್ ಮುಂದೆ, ಹಿಮದಲ್ಲಿ, ಕೆಂಪು ಬಸ್ಸಿನ ಪಕ್ಕದಲ್ಲಿ. ಆ ಚಿತ್ರಗಳನ್ನು ನೋಡಿ ಎಷ್ಟೋ ಮಂದಿ ಬಂಧುಗಳು ನಾನು ಬಹಳ ಸುಖವಾಗಿದ್ದೇನೆಂದು ಸಂತೋಷಪಟ್ಟರು. ಡಿಂಬೋಲಾದಲ್ಲಿ ಎಲೆನ್ ಟೆರಿಯ ಚಿತ್ರದ ಮುಂದೆ ನಿಂತಾಗ, ಆ ಎರಡು ವರ್ಷಗಳ ನನ್ನ ಒಂದೇ ಒಂದು ನಿಜವಾದ ಚಿತ್ರವೂ ನನ್ನ ಬಳಿ ಇಲ್ಲವೆಂದು ಹೊಳೆಯಿತು.

ಮುಂದಿನ ಬಾರಿ ಊರಿಗೆ ಹೋದಾಗ ಅಮ್ಮನಿಗೆ ಆ ದಿನಗಳ ಕಥೆಯನ್ನು ಮೊದಲ ಸಲ ಹೇಳಿದೆ. ಆಕೆಗೆ ಅಚ್ಚರಿಯಾಗಲಿಲ್ಲ. ಎದ್ದುಹೋಗಿ ಟ್ರಂಕಿನಿಂದ ಹಳೆಯ ಲಕೋಟೆ ತಂದು, ಟವರ್ ಬ್ರಿಜ್ ಮುಂದಿನ ಫೋಟೋವನ್ನು ತೆಗೆದು ನನ್ನ ಕೈಯನ್ನು ತೋರಿಸಿದಳು. ಮುಖ ನಗುತ್ತಿತ್ತು, ಬಲಗೈ ಮಾತ್ರ ಕೋಟಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಅದು ಬಂದ ದಿನವೇ ಆಕೆಗೆ ತಿಳಿದಿತ್ತಂತೆ. ನಾನು ಹೇಳುವವರೆಗೆ ಕೇಳಬಾರದೆಂದು ಸುಮ್ಮನಿದ್ದಳು.

ವಿದೇಶದಲ್ಲಿರುವ ಮಗಳು ಅಥವಾ ಸೊಸೆ ಫೋಟೋ ಕಳುಹಿಸಿದಾಗ, ಹಿಂದಿನ ಕಟ್ಟಡವನ್ನು ನೋಡಿದ ಮೇಲೆ ದಯವಿಟ್ಟು ಅವಳ ಕೈಗಳನ್ನೂ ಒಮ್ಮೆ ನೋಡಿ. ಅಮ್ಮನಂತೆ ಸುಮ್ಮನಿರಬೇಡಿ, ಕೇಳಿಬಿಡಿ. ಇಲ್ಲಿಗೆ ಬರಲು ಸಿದ್ಧರಾಗುತ್ತಿರುವ ತರುಣಿಯರಿಗೂ ಒಂದು ಮಾತು: ಕಾಯುವ ವರ್ಷಗಳು ಬಹುತೇಕ ಎಲ್ಲರಿಗೂ ಬರುತ್ತವೆ. ಅವನ್ನು ಮನೆಯವರಿಂದ ಮುಚ್ಚಿಡಬೇಡಿ. ಕೆಲಸ ತಡವಾಗಿ ಆರಂಭವಾಯಿತೆಂದು ಕುಗ್ಗಲೂ ಬೇಡಿ. ಕ್ಯಾಮರನ್ ಕತ್ತಲೆ ಕೋಣೆಯ ಬಾಗಿಲು ತೆರೆದದ್ದು 48ನೆಯ ವಯಸ್ಸಿನಲ್ಲಿ. ಇಂಗ್ಲೆಂಡಿಗೆ ಬಂದವರು ಬಿಡುವು ಮಾಡಿಕೊಂಡು ಫ್ರೆಶ್‌ವಾಟರ್‌ಗೆ ಹೋಗಿಬನ್ನಿ. ಕೆಡವಿಹೋಗಬೇಕಿದ್ದ ಆ ಮನೆ ಇಂದು ವಸ್ತುಸಂಗ್ರಹಾಲಯವಾಗಿ ಉಳಿದಿದೆ.