ಅಂಗಳಕ್ಕೆ ಗೆರೆ ಹಾಕಿದ ಕೈ : ದಿವಂಗತ ಪಾಳವಣಕರ ಬಾಳೂ

ಕಛೇರಿಯ ಕೆಲಸ ತೀರಿಸಿ ಸಂಜೆ ಟೆನ್ನಿಸ್ ಆಟಕ್ಕೆ ತೆರಳುವ ಮಹನೀಯರು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ನಮ್ಮ ವಾಚಕರಲ್ಲಿ ಕೆಲವರಾದರೂ ಇರುವರು. ಅವರು ಬರುವುದಕ್ಕೆ ಮುಂಚೆಯೇ ಯಾವನೋ ಒಬ್ಬನು ಅಂಗಳಕ್ಕೆ ನೀರು ಚಿಮುಕಿಸಿ, ರೋಲರನ್ನೆಳೆದು, ಸುಣ್ಣದ ಗೆರೆ ಹಾಕಿ, ಬಲೆ ಕಟ್ಟಿ ಹೋಗಿರುತ್ತಾನೆ. ಅವನ ಹೆಸರನ್ನು ವಿಚಾರಿಸುವವರು ವಿರಳ. ಇಂತಹ ಊಳಿಗದಿಂದಲೇ ಬಾಳನ್ನಾರಂಭಿಸಿ, ಭರತಖಂಡದ ಕ್ರಿಕೆಟ್ ಆಟಗಾರರಲ್ಲಿ ಅಗ್ರಗಣ್ಯರೆನಿಸಿ, ಕಡೆಗೆ ದೇಶದ ರಾಜಕಾರಣದ ಒಂದು ಮಹತ್ತರ ಒಡಂಬಡಿಕೆಗೆ ರುಜು ಹಾಕಿದವರು ಪಾಳವಣಕರ ಬಾಳೂ ಅವರು. ಅವರು ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ಕನ್ನಡ ನಾಡು ಅವರನ್ನು ಮರೆತಿರುವುದರಿಂದ ಅವರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುವುದು ಉಚಿತವೆಂದು ಭಾವಿಸಿದ್ದೇವೆ.

1875-76ರ ಸುಮಾರಿಗೆ ಧಾರವಾಡದಲ್ಲಿ ಜನಿಸಿದ ಬಾಳೂ ಅವರದು ಚರ್ಮಕಾರ ಕುಲ. ಮನೆತನದ ಮೂಲ ಕೊಂಕಣ ಸೀಮೆಯ ಪಾಳವಣ ಗ್ರಾಮ. ತಂದೆಯವರ ಜೀವನ ಸೈನ್ಯದ ಚಾಕರಿಯಿಂದ. ಸಂಸಾರವು ಪುಣೆಯಲ್ಲಿ ನೆಲೆಸಿದಾಗ ಬಾಳೂ ಅವರೂ ತಮ್ಮ ಶಿವರಾಮರೂ ಸೈನ್ಯದ ಅಧಿಕಾರಿಗಳು ಆಡಿ ಬಿಸುಟ ದಾಂಡು ಚೆಂಡುಗಳಿಂದಲೇ ಕ್ರಿಕೆಟ್ ಕಲಿತರು. ಮೊದಲು ಪಾರ್ಸಿಗಳ ಒಂದು ಕ್ಲಬ್ಬಿನಲ್ಲಿ ತಿಂಗಳಿಗೆ 3 ರೂಪಾಯಿ ಸಂಬಳಕ್ಕೆ ನೆಲ ಗುಡಿಸಿ, ರೋಲರ್ ಎಳೆಯುವ ಕೆಲಸ ದೊರೆಯಿತು. 1892ರಲ್ಲಿ ಆಂಗ್ಲರ ಪೂನಾ ಕ್ಲಬ್ಬಿಗೆ ಸೇರಿದಾಗ ಸಂಬಳ 4 ರೂಪಾಯಿಗೆ ಏರಿತು. ಅಲ್ಲಿ ಕ್ರಿಕೆಟಿನ ಬಲೆ ಕಟ್ಟುವುದರೊಡನೆ ಟೆನ್ನಿಸ್ ಅಂಗಳಗಳಿಗೆ ಗೆರೆ ಹಾಕುವುದೂ ಅವರ ಪಾಲಿಗೆ ಬಂದಿತ್ತು.

ಆ ಕ್ಲಬ್ಬಿನ ಆಂಗ್ಲರಿಗೆ ಅಭ್ಯಾಸಕ್ಕಾಗಿ ಚೆಂಡೆಸೆಯುವವರು ಬೇಕಾಗಿದ್ದರು. ಬಾಳೂ ಅವರ ಎಡಗೈಯಿಂದ ನಿಧಾನವಾಗಿ ಹೊರಟ ಚೆಂಡು ನೆಲ ಮುಟ್ಟಿದೊಡನೆ ಎತ್ತ ತಿರುಗುವುದೆಂಬುದು ದಾಂಡಿಗರಿಗೆ ತಿಳಿಯದಾಯಿತು. ಹ್ಯಾಂಪ್‌ಷೈರ್ ತಂಡದ ಪ್ರಸಿದ್ಧ ದಾಂಡಿಗನಾದ ಕ್ಯಾಪ್ಟನ್ ಗ್ರೇಗ್ ಎಂಬಾತನು ದಿನವೂ ಇತರರಿಗಿಂತ ಮುಂಚಿತವಾಗಿ ಬಂದು ಇವರನ್ನೆದುರಿಸಿ ಅಭ್ಯಾಸಮಾಡುತ್ತಿದ್ದನು. ತನ್ನನ್ನು ಔಟು ಮಾಡಿದ ಪ್ರತಿಯೊಂದು ಸಲಕ್ಕೂ 8 ಆಣೆ ಇನಾಮು ಕೊಡುತ್ತಿದ್ದನೆಂದು ಪ್ರತೀತಿಯಿದೆ. ಹೀಗೆ ಸಾವಿರಾರು ಚೆಂಡುಗಳನ್ನೆಸೆದು ವಿದ್ಯೆ ಸಾಧಿಸಿದ ಬಾಳೂ ಅವರ ಕೈಗೆ ಮಾತ್ರ ಯಾರೂ ದಾಂಡನ್ನು ಕೊಡಲಿಲ್ಲ. ಚೆಂಡೆಸೆಯುವುದು ಆಳಿನ ಕೆಲಸ. ದಾಂಡು ಬೀಸುವುದು ಧಣಿಗಳ ವಿನೋದ.

ಪುಣೆಯ ಹಿಂದೂಗಳಿಗೆ ಆಂಗ್ಲರ ತಂಡವನ್ನು ಸೋಲಿಸಬೇಕೆಂಬ ಹಂಬಲ ಬಹಳವಾಗಿತ್ತು. ಬಾಳೂ ಅವರನ್ನು ಸೇರಿಸಿಕೊಂಡರೆ ಜಯ ಲಭಿಸೀತು. ಆದರೆ ಜಾತಿ ಅಡ್ಡಬಂದಿತು. ಬಹಳ ವಾದವಿವಾದವಾದಮೇಲೆ ಸೇರಿಸಿಕೊಂಡರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಆಟದ ನಡುವೆ ಚಹಾದ ವೇಳೆ ಬಂದಾಗ ಉಳಿದವರು ಚಾವಣಿಯ ಒಳಗೆ ಪಿಂಗಾಣಿ ಬಟ್ಟಲುಗಳಲ್ಲಿ ಕುಡಿದರೆ, ಬಾಳೂ ಅವರಿಗೆ ಹೊರಗಡೆ, ಕುಡಿದು ಒಡೆಯತಕ್ಕ ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಿದ್ದರು. ಊಟಕ್ಕೂ ಬೇರೆ ತಟ್ಟೆ, ಬೇರೆ ಸ್ಥಳ. ಅವರ ಕೈಯಿಂದ ಗೆಲುವು ಬೇಕು, ಆ ಕೈ ಮುಟ್ಟಿದ ಬಟ್ಟಲು ಬೇಡ! ಈ ವೈಪರೀತ್ಯವು ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರ ಕಣ್ಣಿಗೆ ಬಿದ್ದಿತು. ಅವರು ಬಹಿರಂಗ ಸಭೆಯಲ್ಲಿ ಬಾಳೂ ಅವರಿಗೆ ಮಾಲೆ ಹಾಕಿ ಸನ್ಮಾನಿಸಿದರು. ಆ ಕಾಲದಲ್ಲಿ ಅದು ಸಾಮಾನ್ಯವಾದ ಧೈರ್ಯವಲ್ಲ.

1896ರಲ್ಲಿ ತಲೆದೋರಿದ ಪ್ಲೇಗಿನ ಹಾವಳಿಯಿಂದಾಗಿ ಅವರು ಮುಂಬಯಿಗೆ ತೆರಳಿ, ಕಾಲಕ್ರಮದಲ್ಲಿ ರೈಲ್ವೆಯಲ್ಲಿ ಉದ್ಯೋಗ ಹಿಡಿದರು. ಹಿಂದೂ ಜಿಮಖಾನಾದಲ್ಲಿ ಇವರ ಪ್ರವೇಶಕ್ಕೆ ಕೆಲವು ಸದಸ್ಯರಿಂದ ವಿರೋಧ ಬಂದರೂ ಕೊನೆಗೆ ಸೇರಿಸಿಕೊಂಡರು. 1906ರ ಫೆಬ್ರವರಿಯಲ್ಲಿ ಹಿಂದೂಗಳಿಗೂ ಮುಂಬಯಿಯ ಆಂಗ್ಲರಿಗೂ ನಡೆದ ಪಂದ್ಯದಲ್ಲಿ ಹಿಂದೂಗಳು 242 ಮತ್ತು 160 ರನ್ನುಗಳನ್ನು ಗಳಿಸಿದರು. ಆಂಗ್ಲರು 191ಕ್ಕೂ 102ಕ್ಕೂ ಉರುಳಿದರು. 109 ರನ್ನುಗಳ ಆ ವಿಜಯವು ಬಂಗಾಲದ ವಿಭಜನೆಯಿಂದ ಕುದಿಯುತ್ತಿದ್ದ ದೇಶದಲ್ಲಿ ಕೇವಲ ಆಟದ ವಾರ್ತೆಯಾಗಿ ಉಳಿಯಲಿಲ್ಲ. ಅದರಲ್ಲಿ ಬಾಳೂ ಅವರ ಪಾತ್ರ ಹಿರಿದು.

1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಹಿಂದೂ, ಮುಸಲ್ಮಾನ, ಪಾರ್ಸಿ ಆಟಗಾರರನ್ನೊಳಗೊಂಡ ತಂಡವೊಂದು ಇಂಗ್ಲೆಂಡಿಗೆ ಪ್ರಯಾಣಮಾಡಿತು. ತಂಡಕ್ಕೆ ಸೋಲುಗಳೇ ಹೆಚ್ಚಾದರೂ ಬಾಳೂ ಅವರೊಬ್ಬರೇ 114 ವಿಕೆಟ್ಟುಗಳನ್ನು ಕೆಡಹಿ ಆಂಗ್ಲರನ್ನು ಬೆರಗುಗೊಳಿಸಿದರು. ಹಿಂದಿರುಗಿದಾಗ ಮುಂಬಯಿಯಲ್ಲಿ ಅವರ ಜನ ಅರ್ಪಿಸಿದ ಮಾನಪತ್ರವನ್ನು ಬರೆದವನು ಅಂದಿಗೆ ಕಾಲೇಜಿನಲ್ಲಿ ಓದುತ್ತಿದ್ದ ತರುಣ, ಭೀಮರಾವ್ ಅಂಬೇಡ್ಕರ್. ಈ ಸಂಗತಿಯನ್ನು ವಾಚಕರು ಮನಸ್ಸಿನಲ್ಲಿಡಬೇಕು.

ಇಷ್ಟೆಲ್ಲ ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಬರಲಿಲ್ಲ. ಒಮ್ಮೆ ನಾಯಕನಾಗಿ ನೇಮಕಗೊಂಡ ಎಂ. ಡಿ. ಪೈ ಮಹಾಶಯರೇ ಈ ಗೌರವವು ನ್ಯಾಯವಾಗಿ ಬಾಳೂ ಅವರದೆಂದು ಸಭೆಯಲ್ಲಿ ಒಪ್ಪಿಕೊಂಡರು. 1920ರಲ್ಲಿ ಬಾಳೂ ಅವರನ್ನು ತಂಡದಿಂದಲೇ ಕೈಬಿಟ್ಟು, ನಾಯಕತ್ವವನ್ನು ಅವರ ತಮ್ಮ ವಿಠ್ಠಲರಿಗೂ ತಪ್ಪಿಸಿದಾಗ, ಶಿವರಾಮ ವಿಠ್ಠಲರಿಬ್ಬರೂ ತಂಡವನ್ನು ತ್ಯಜಿಸಿ, ಕಾರಣವನ್ನು ಬಹಿರಂಗವಾಗಿ ಸಾರಿದರು. ಜನಾಭಿಪ್ರಾಯ ತಿರುಗಿತು; ಬಾಳೂ ಅವರು ಉಪನಾಯಕರಾಗಿ ಮರಳಿದರು. 1923ರಲ್ಲಿ ವಿಠ್ಠಲರು ನಾಯಕರಾದರು. ಅಣ್ಣನಿಗೆ ಮುಚ್ಚಿದ್ದ ಬಾಗಿಲು ತಮ್ಮನಿಗೆ ತೆರೆಯಿತು.

ಆಟದಿಂದ ನಿವೃತ್ತರಾದ ಬಾಳೂ ಅವರು ರಾಜಕಾರಣಕ್ಕಿಳಿದುದು ಸಹಜವೇ. ಹಿಂದುಳಿಸಲ್ಪಟ್ಟ ತಮ್ಮ ಜನರಿಗೆ ಅವರು ಆಗಲೇ ಕಣ್ಮಣಿಯಾಗಿದ್ದರು. 1932ರಲ್ಲಿ ಅಸ್ಪೃಶ್ಯರಿಗೆ ಪ್ರತ್ಯೇಕ ಚುನಾವಣಾ ಕ್ಷೇತ್ರಗಳನ್ನು ಕೊಡುವ ಬ್ರಿಟಿಷ್ ಸರ್ಕಾರದ ತೀರ್ಪು ಹೊರಟಿತು. ಡಾಕ್ಟರ್ ಅಂಬೇಡ್ಕರರು ಅದನ್ನು ಸಮರ್ಥಿಸಿದರು. ಮಹಾತ್ಮಾ ಗಾಂಧಿಯವರು ಅದನ್ನು ವಿರೋಧಿಸಿ ಯರವಡಾ ಸೆರೆಮನೆಯಲ್ಲಿ ಸೆಪ್ಟೆಂಬರ್ 20ರಂದು ಉಪವಾಸ ಕೈಕೊಂಡರು. ಬಾಳೂ ಅವರು ಸಂಯುಕ್ತ ಕ್ಷೇತ್ರಗಳ ಪಕ್ಷವನ್ನೇ ಹಿಡಿದರು. 24ರಂದು ಆದ ಪುಣೆಯ ಒಪ್ಪಂದದಿಂದ ಪ್ರಾಂತೀಯ ಶಾಸನಸಭೆಗಳಲ್ಲಿ 148 ಸ್ಥಾನಗಳು ಮೀಸಲಾದುವು. ಆ ಪತ್ರಕ್ಕೆ ಅಂಬೇಡ್ಕರರ ರುಜುವೂ ಬಿದ್ದಿತು, ಬಾಳೂ ಅವರದೂ ಬಿದ್ದಿತು.

ಮುಂದೆ 1933ರಲ್ಲಿ ಮುಂಬಯಿ ನಗರಸಭೆಗೆ ಹಿಂದೂ ಮಹಾಸಭೆಯ ಪರವಾಗಿ ನಿಂತು ಸೋತರು. 1937ರಲ್ಲಿ ಮುಂಬಯಿ ಶಾಸನಸಭೆಗೆ ಕಾಂಗ್ರೆಸ್ಸು ಅವರನ್ನು ನಿಲ್ಲಿಸಿದ್ದು ಮಾನಪತ್ರ ಬರೆದ ಆ ತರುಣನ ಎದುರಿಗೇ. ಅಂಬೇಡ್ಕರರಿಗೆ 13 ಸಾವಿರಕ್ಕೂ, ಬಾಳೂ ಅವರಿಗೆ 11 ಸಾವಿರಕ್ಕೂ ಮೇಲ್ಪಟ್ಟು ಮತಗಳು ಬಂದುವು. ಸೋಲು ಸೋಲೇ, ಆದರೆ ಹೀನಾಯವಾದ ಸೋಲಲ್ಲ.

ಇವರಿಬ್ಬರ ಮಾರ್ಗಗಳನ್ನು ತೂಗಿ ನೋಡುವವರು ಒಂದನ್ನು ಮರೆಯಲಾಗದು. ತನ್ನ ಹಕ್ಕನ್ನು ತನ್ನ ಬಲದಿಂದಲೇ ಪಡೆಯಬೇಕೆಂಬುದು ಅಂಬೇಡ್ಕರರ ನಿಲುವು. ಕೂಡಿ ಆಡಿದವರು ಕೂಡಿ ಬಾಳಿಯಾರೆಂಬುದು ಬಾಳೂ ಅವರ ನಂಬುಗೆ. ಮಣ್ಣಿನ ಕುಡಿಕೆಯ ಚಹಾ ಕುಡಿದವರು ಹಾಗೆ ನಂಬಿದರೆಂಬುದೇ ದೊಡ್ಡದು. ಅದು ಅವರ ದೌರ್ಬಲ್ಯವೆನ್ನುವವರುಂಟು. ನಮ್ಮ ಮತದಲ್ಲಿ ಅದು ಅವರು ಸವರ್ಣೀಯರಿಗೆ ಕೊಟ್ಟ ಸಾಲ. ಆ ಸಾಲ ತೀರಿತೆ ಎಂದು ಕೇಳಿಕೊಳ್ಳಬೇಕಾದವರು ಸಾಲ ಕೊಟ್ಟವರಲ್ಲ, ತೆಗೆದುಕೊಂಡವರು.

ಬಾಳೂ ಅವರು 1955ರ ಜುಲೈ 4ರಂದು ಮುಂಬಯಿಯಲ್ಲಿ ಕಾಲವಾದರು. ಅಸ್ಪೃಶ್ಯತೆಯ ಆಚರಣೆಗೆ ಶಿಕ್ಷೆ ವಿಧಿಸುವ ಕಾಯಿದೆ ಜಾರಿಗೆ ಬಂದುದು ಅದೇ ವರ್ಷದ ಜೂನ್ 1ರಂದು. ಬೇರೆ ಬಟ್ಟಲಿಡುವುದು ಅಪರಾಧವೆಂದು ಕಾನೂನು ಸಾರಿದ ಮೇಲೆ ಅವರು ಬದುಕಿದ್ದುದು ಒಂದು ತಿಂಗಳ ಮೇಲೆ ಕೆಲವು ದಿನ ಮಾತ್ರ. ಕಾನೂನು ಬಟ್ಟಲನ್ನು ಬದಲಿಸಬಲ್ಲದು. ಮನಸ್ಸನ್ನು ನಾವೇ ಬದಲಿಸಿಕೊಳ್ಳಬೇಕು. ಇಂದಿನ ಸಂಜೆ ಆಟ ಮುಗಿದು ಚಹಾ ಬಂದಾಗ, ಅಂಗಳಕ್ಕೆ ಗೆರೆ ಹಾಕಿದವನನ್ನು ನಮ್ಮ ವಾಚಕರು ಹೆಸರು ಹಿಡಿದು ಕರೆದು, ತಮ್ಮ ಪಕ್ಕದ ಕುರ್ಚಿಯಲ್ಲಿ ಕೂಡಿಸಿಕೊಳ್ಳಲಿ. ಬಾಳೂ ಅವರ ಸ್ಮರಣೆಗೆ ಅಷ್ಟು ಸಾಕು.