ತಾಯಿಯ ಸೇವೆಯಲ್ಲಿ ಹಝ್ರತ್ ಅಬೂ ಹುರೈರಾ(ರ)

ತಾಯಿ ತೀರಿಕೊಂಡ ಬಳಿಕ ಮಕ್ಕಳನ್ನು ಎರಡು ನೋವುಗಳು ಕಾಡುತ್ತವೆ. ಒಂದು ಅಗಲಿಕೆಯ ನೋವು. ಇನ್ನೊಂದು, ಆಕೆ ಬದುಕಿದ್ದಾಗ ಮಾಡಬೇಕಾದುದನ್ನು ಮಾಡಲಿಲ್ಲವೆಂಬ ಕೊರಗು. ಈ ಎರಡು ನೋವುಗಳಿಗೂ ಹಝ್ರತ್ ಅಬೂ ಹುರೈರಾ(ರ)ರ ಜೀವನದಲ್ಲಿ ಸಾಂತ್ವನವಿದೆ. 5374 ಹದೀಸ್‌ಗಳ ವರದಿಗಾರರೆಂದು ನಾವೆಲ್ಲ ಅವರನ್ನು ಬಲ್ಲೆವು. ಆದರೆ ಒಬ್ಬ ತಾಯಿಯ ಮಗನಾಗಿ ಅವರು ಹೇಗಿದ್ದರೆಂದು ಯೋಚಿಸುವವರು ಕಡಿಮೆ.

ಅವರು ಯಮನ್‌ನ ದೌಸ್ ಗೋತ್ರದವರು. ತಂದೆಯಿಲ್ಲದೆ ಬೆಳೆದವರು. ಹೊಟ್ಟೆಪಾಡಿಗಾಗಿ ಇತರರ ಬಳಿ ಕೂಲಿಯಾಳಾಗಿ ದುಡಿದವರು. ಹಿಜರಿ 7ರಲ್ಲಿ (ಕ್ರಿ.ಶ. 628), ಖೈಬರ್ ಯುದ್ಧದ ಸಮಯದಲ್ಲಿ ಪ್ರವಾದಿವರ್ಯರ(ಸ) ಸನ್ನಿಧಿಗೆ ಬಂದರು. ಮಸೀದಿಯ ಸುಫ್ಫಾದಲ್ಲಿ ಬಡವರೊಂದಿಗೆ ಉಳಿದು, ಹಸಿವನ್ನು ಸಹಿಸಿ ವಿದ್ಯೆ ಕಲಿತರು.

ಆದರೆ ಹಸಿವಿಗಿಂತ ದೊಡ್ಡ ಚಿಂತೆಯೊಂದು ಅವರಿಗಿತ್ತು. ತಾಯಿ ಇನ್ನೂ ಇಸ್ಲಾಮ್ ಸ್ವೀಕರಿಸಿರಲಿಲ್ಲ. ಎಷ್ಟು ಸಲ ಕರೆದರೂ ಆಕೆ ಒಪ್ಪುತ್ತಿರಲಿಲ್ಲ. ಒಂದು ದಿನ ಆಕೆ ಪ್ರವಾದಿವರ್ಯರ(ಸ) ಕುರಿತು ಮಗನ ಮನಸ್ಸಿಗೆ ನೋವಾಗುವಂತಹ ಮಾತನ್ನಾಡಿದರು. ಅಬೂ ಹುರೈರಾ(ರ) ತಾಯಿಯ ಮೇಲೆ ರೇಗಲಿಲ್ಲ, ಆಕೆಯನ್ನು ತೊರೆಯಲೂ ಇಲ್ಲ. ಅಳುತ್ತಾ ಪ್ರವಾದಿವರ್ಯರ(ಸ) ಬಳಿಗೆ ಹೋಗಿ, ತಾಯಿಯ ಸನ್ಮಾರ್ಗಕ್ಕಾಗಿ ಪ್ರಾರ್ಥಿಸಬೇಕೆಂದು ಬೇಡಿಕೊಂಡರು. ಪ್ರವಾದಿವರ್ಯರು(ಸ) ಪ್ರಾರ್ಥಿಸಿದರು.

ಸಂತೋಷದಿಂದ ಮನೆಗೆ ಮರಳಿದಾಗ ಬಾಗಿಲು ಮುಚ್ಚಿತ್ತು. ಕಾಲಸಪ್ಪಳ ಕೇಳಿದ ತಾಯಿ, ಅಲ್ಲೇ ನಿಲ್ಲುವಂತೆ ಒಳಗಿನಿಂದಲೇ ಹೇಳಿದರು. ನೀರಿನ ಸದ್ದು ಕೇಳಿಸುತ್ತಿತ್ತು. ಆಕೆ ಸ್ನಾನ ಮಾಡಿ ಉಡುಪು ಧರಿಸಿ, ತಲೆವಸ್ತ್ರ ಹೊದೆಯಲೂ ತಡೆಯದೆ ಬಂದು ಬಾಗಿಲು ತೆರೆದು ಶಹಾದತ್ ಉಚ್ಚರಿಸಿದರು. ಮಗ ಮತ್ತೆ ಅಳುತ್ತಾ ಪ್ರವಾದಿವರ್ಯರ(ಸ) ಬಳಿಗೆ ಓಡಿದರು. ಈ ಸಲ ಅದು ಆನಂದದ ಕಣ್ಣೀರಾಗಿತ್ತು.

ಮುಂದೆ ಅವರು ದೊಡ್ಡ ವಿದ್ವಾಂಸರಾದರು. ಮರ್ವಾನನ ಕಾಲದಲ್ಲಿ ಮದೀನಾದ ಆಡಳಿತವನ್ನೂ ಕೆಲವೊಮ್ಮೆ ವಹಿಸಿಕೊಂಡರು. ಆದರೂ ಮನೆಯಿಂದ ಹೊರಡುವಾಗ ತಾಯಿಯ ಬಾಗಿಲಲ್ಲಿ ನಿಂತು ಸಲಾಮ್ ಹೇಳುವುದನ್ನು ಬಿಡಲಿಲ್ಲ. ಚಿಕ್ಕಂದಿನಲ್ಲಿ ತನ್ನನ್ನು ಸಾಕಿ ಸಲಹಿದ ತಾಯಿಗೆ ಅಲ್ಲಾಹನು ಕರುಣೆ ತೋರಲೆಂದು ಪ್ರಾರ್ಥಿಸುತ್ತಿದ್ದರು. ಮುಪ್ಪಿನಲ್ಲಿ ತನ್ನನ್ನು ನೋಡಿಕೊಂಡ ಮಗನಿಗೂ ಕರುಣೆ ಸಿಗಲೆಂದು ತಾಯಿ ಹರಸುತ್ತಿದ್ದರು. ಮರಳಿ ಬಂದಾಗಲೂ ಇದೇ ಕ್ರಮ.

ತಾಯಿಯ ಸೇವೆಗೆ ಅಡ್ಡಿಯಾಗಬಾರದೆಂದು, ಆಕೆ ತೀರಿಕೊಳ್ಳುವ ತನಕ ಅವರು ಹಜ್ಜ್‌ಗೆ ಹೋಗಲಿಲ್ಲವೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಕಡ್ಡಾಯ ಹಜ್ಜನ್ನು ಅವರು ಮೊದಲೇ ನಿರ್ವಹಿಸಿದ್ದರು, ಇಲ್ಲಿ ಹೇಳಿರುವುದು ಐಚ್ಛಿಕ ಹಜ್ಜ್ ಎಂದು ಇಮಾಮ್ ನವವಿ ವಿವರಿಸಿದ್ದಾರೆ. ಪುಣ್ಯಕ್ಕಾಗಿ ದೂರ ಪ್ರಯಾಣ ಹೊರಡುವ ಮುನ್ನ ಮನೆಯೊಳಗಿನ ಪುಣ್ಯವನ್ನು ನೋಡಬೇಕೆಂಬುದು ಇದರ ಪಾಠ.

ಹಾಗಾದರೆ ತಾಯಿಯನ್ನು ಕಳೆದುಕೊಂಡವರ ಪಾಲಿಗೆ ಎಲ್ಲವೂ ಮುಗಿಯಿತೇ? ಇಲ್ಲ. ಮನುಷ್ಯನು ಮರಣ ಹೊಂದಿದಾಗ ಅವನ ಕರ್ಮಗಳು ನಿಂತುಹೋದರೂ ಶಾಶ್ವತ ದಾನ, ಪ್ರಯೋಜನಕಾರಿ ವಿದ್ಯೆ ಮತ್ತು ಪ್ರಾರ್ಥಿಸುವ ಸಜ್ಜನ ಸಂತಾನ ಎಂಬ ಮೂರು ಉಳಿಯುತ್ತವೆಂಬ ಪ್ರವಾದಿ ವಚನವನ್ನು ನಮಗೆ ತಲುಪಿಸಿದವರು ಇದೇ ಅಬೂ ಹುರೈರಾ(ರ). ಮೃತರ ದರ್ಜೆ ಏರಿದಾಗ ಅವರು ಅಚ್ಚರಿಯಿಂದ ಕಾರಣ ಕೇಳುವರೆಂದೂ, ಮಗುವಿನ ಕ್ಷಮಾಯಾಚನೆಯೇ ಕಾರಣವೆಂದು ಉತ್ತರ ಸಿಗುವುದೆಂದೂ ಅವರು ತಿಳಿಸಿದ್ದಾರೆ. ಅಗಲಿದ ತಾಯಿಗೆ ಕಳುಹಿಸಬಹುದಾದ ಉಡುಗೊರೆ ಇನ್ನೂ ನಮ್ಮ ನಾಲಗೆಯಲ್ಲಿದೆ. ಸೇವೆಯಲ್ಲಿ ಕೊರತೆ ಮಾಡಿದವನಿಗೂ ಈ ಬಾಗಿಲು ಮುಚ್ಚಿಲ್ಲ.

ಹಿಜರಿ 59ರ ಸುಮಾರಿಗೆ ಅವರು ನಿಧನರಾದರು. ಒಂದು ರಾತ್ರಿ ಅವರು ತನಗೂ ತನ್ನ ತಾಯಿಗೂ, ತಮ್ಮಿಬ್ಬರಿಗಾಗಿ ಕ್ಷಮೆ ಬೇಡುವವರಿಗೂ ಕ್ಷಮೆ ನೀಡಬೇಕೆಂದು ಅಲ್ಲಾಹನಲ್ಲಿ ಬೇಡಿದ್ದರು. ಅದನ್ನು ಕೇಳಿದ ಇಬ್ನು ಸೀರೀನ್(ರಹ್), ಆ ಪ್ರಾರ್ಥನೆಯಲ್ಲಿ ಪಾಲು ಪಡೆಯಲೆಂದು ಆ ತಾಯಿ ಮಗನಿಗಾಗಿ ಕ್ಷಮೆ ಬೇಡುತ್ತಿದ್ದರು. ಪ್ರಿಯ ಓದುಗರೇ, ಇಂದಿನ ನಮಾಝ್‌ನ ಬಳಿಕ ನಾವೂ ಅವರಿಬ್ಬರಿಗಾಗಿ ಬೇಡೋಣ. ಜೊತೆಗೆ ನಮ್ಮ ತಾಯಂದಿರಿಗಾಗಿಯೂ ಕೈಯೆತ್ತೋಣ.