ಸಹಿ ಅಮ್ಮನದು, ಹೆಸರೂ ಅಮ್ಮನದೇ

ಹಳೆಯ ಹಾಲಿವುಡ್ ಪೋಸ್ಟರ್, ಲಾಬಿ ಕಾರ್ಡ್, ನಟಿಯರ ಸಹಿ ಇರುವ ಫೋಟೊಗಳನ್ನು ಕೂಡಿಡುವವರು ಜೀನ್ ಹಾರ್ಲೋ ಫೋಟೊ ಕೈಗೆ ಬಂದರೆ ಮುಖಕ್ಕಿಂತ ಮೊದಲು ಸಹಿ ನೋಡುತ್ತಾರೆ. ಅದನ್ನು ಹಾಕಿದ್ದು ಮಗಳೋ, ಅಮ್ಮನೋ ಎಂಬುದೇ ಅವರ ಪ್ರಶ್ನೆ. ಕಪ್ಪು-ಬಿಳುಪು ಸಿನಿಮಾಗಳ ಹುಚ್ಚಿದ್ದರೂ ಅಂಥ ಫೋಟೊ ಕೊಳ್ಳುವಷ್ಟು ದುಡ್ಡು ನನ್ನಲ್ಲಿಲ್ಲ. ಹರಾಜಿನ ಕ್ಯಾಟಲಾಗ್ ನೋಡಿಯೇ ತೃಪ್ತಿ. ಆದರೆ ಆ ಪ್ರಶ್ನೆಯ ಬೆನ್ನು ಹತ್ತಿದಾಗ ಒಬ್ಬ ಹುಡುಗಿಯ ಇಡೀ ಬದುಕೇ ಎದುರಾಯಿತು.

ಆಕೆ ಹುಟ್ಟಿದ್ದು 1911ರ ಮಾರ್ಚ್ 3ರಂದು, ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ. ಅಪ್ಪ ದಂತವೈದ್ಯ. ಇಟ್ಟ ಹೆಸರು ಹಾರ್ಲೀನ್ ಕಾರ್ಪೆಂಟರ್. ಮನೆಯವರೆಲ್ಲ ಬೇಬಿ ಎಂದೇ ಕರೆಯುತ್ತಿದ್ದರಿಂದ, ಶಾಲೆಗೆ ಸೇರುವವರೆಗೂ ನಿಜವಾದ ಹೆಸರು ಆಕೆಗೇ ಗೊತ್ತಿರಲಿಲ್ಲವಂತೆ. ಜೀನ್ ಹಾರ್ಲೋ ಎಂಬುದು ಅಮ್ಮನ ತವರಿನ ಹೆಸರು. ಗಂಡನಿಂದ ಬೇರೆಯಾದ ಅಮ್ಮ 1923ರಲ್ಲಿ ಮಗಳನ್ನು ಕರೆದುಕೊಂಡು ಹಾಲಿವುಡ್‌ಗೆ ಹೋದಳು, ತಾನೇ ನಟಿಯಾಗಬೇಕೆಂದು. ಆಗಲೇ ವಯಸ್ಸು ಮೂವತ್ತು ದಾಟಿತ್ತು. ಬಾಗಿಲು ತೆರೆಯಲಿಲ್ಲ. ದುಡ್ಡು ಮುಗಿದ ಮೇಲೆ ಇಬ್ಬರೂ ಊರಿಗೆ ಮರಳಿದರು.

ಮಗಳಿಗೆ ಸಿನಿಮಾದ ಆಸೆಯೇ ಇರಲಿಲ್ಲ. 16ನೇ ವಯಸ್ಸಿಗೇ ಮದುವೆಯಾಗಿ ಲಾಸ್ ಏಂಜಲೀಸ್‌ಗೆ ಬಂದಳು. ಅಲ್ಲಿ ಒಮ್ಮೆ ನಟಿಯಾಗಲು ಹೊರಟ ಗೆಳತಿಯನ್ನು ಕಾರಿನಲ್ಲಿ ಫಾಕ್ಸ್ ಸ್ಟುಡಿಯೊಗೆ ಬಿಡಲು ಹೋದಾಗ ಅಲ್ಲಿನವರ ಕಣ್ಣಿಗೆ ಬಿದ್ದಳು. ಎಕ್ಸ್‌ಟ್ರಾ ಕಲಾವಿದರ ಕಚೇರಿಗೆ ಹೋಗುವ ಧೈರ್ಯ ಈಕೆಗಿಲ್ಲವೆಂದು ಗೆಳತಿ ಪಣ ಕಟ್ಟಿದಳು. ಈಕೆ ಹೋಗಿ ಅಮ್ಮನ ಹೆಸರು ಬರೆಸಿ ಬಂದಳು. ಅವಕಾಶಗಳು ಬಂದಾಗ ಬೇಡವೆಂದಳು. ಒಪ್ಪಿಸಿದ್ದು ಅಮ್ಮ.

ಆಗ ಮೂಕಿ ಮುಗಿದು ಟಾಕಿ ಶುರುವಾಗುತ್ತಿದ್ದ ಕಾಲ. ಹೊವಾರ್ಡ್ ಹ್ಯೂಸ್ ತನ್ನ ಯುದ್ಧವಿಮಾನಗಳ ಚಿತ್ರ ‘ಹೆಲ್ಸ್ ಏಂಜಲ್ಸ್’ಗೆ ಮಾತು ಸೇರಿಸಲು ಹೊರಟ. ನಾಯಕಿ ಗ್ರೆಟಾ ನಿಸೆನ್ ಮಾತಿನಲ್ಲಿ ನಾರ್ವೆಯ ಧಾಟಿ. ಆ ಪಾತ್ರ ಹಾರ್ಲೋ ಪಾಲಾಯಿತು. 1930ರಲ್ಲಿ ತೆರೆಕಂಡಾಗ ವಿಮರ್ಶಕರು ಆಕೆಯ ನಟನೆಯನ್ನು ಟೀಕಿಸಿದರು, ಜನ ಮಾತ್ರ ಮುಗಿಬಿದ್ದರು. ಮರುವರ್ಷದ ‘ಪ್ಲಾಟಿನಂ ಬ್ಲಾಂಡ್’ ನಂತರ ಆಕೆಯ ಬಿಳಿ ಹೊನ್ನಿನ ಕೂದಲು ಫ್ಯಾಷನ್ನೇ ಆಯಿತು.

1932ರಲ್ಲಿ ಎಂಜಿಎಂ ಸೇರಿದ ಮೇಲೆ ನಗಿಸುವ ಕಲೆ ಹೊರಬಂತು. ಕ್ಲಾರ್ಕ್ ಗೇಬಲ್ ಜೊತೆ ಆರು ಚಿತ್ರ ಮಾಡಿದಳು. ಅವುಗಳಲ್ಲಿ ‘ರೆಡ್ ಡಸ್ಟ್’ ಚಿತ್ರೀಕರಣದ ನಡುವೆಯೇ ಎರಡನೇ ಗಂಡ ಪಾಲ್ ಬರ್ನ್, ಮದುವೆಯಾಗಿ ಎರಡು ತಿಂಗಳಿಗೆ, ಗುಂಡೇಟಿನಿಂದ ಸತ್ತು ಬಿದ್ದಿದ್ದ. ಕೆಲವೇ ದಿನಗಳಲ್ಲಿ ಆಕೆ ಸೆಟ್‌ಗೆ ಮರಳಿದಳು. 1933ರ ‘ಬಾಂಬ್‌ಶೆಲ್’ ನನಗೆ ತುಂಬಾ ಇಷ್ಟ. ತಾರೆಯೊಬ್ಬಳು ದುಡಿಯುತ್ತಾಳೆ, ಮನೆಮಂದಿಯೆಲ್ಲ ಕೂತು ತಿನ್ನುತ್ತಾರೆ. ನಗುತ್ತಲೇ ನೋಡಿದೆ. ಆಕೆಯ ಕತೆ ಗೊತ್ತಾದ ಮೇಲೆ ಅಷ್ಟು ನಗು ಬರಲಿಲ್ಲ.

ಅಭಿಮಾನಿಗಳ ಪತ್ರಗಳು ರಾಶಿ ರಾಶಿ ಬರುತ್ತಿದ್ದವು. ಕೇಳಿದವರಿಗೆ ಕಳಿಸುವ ಫೋಟೊಗಳಿಗೆ ಬಹುಪಾಲು ಸಹಿ ಹಾಕುತ್ತಿದ್ದುದು ಅಮ್ಮ. ಹಾಗಾಗಿ ಸಂಗ್ರಹಕಾರರು ಈಗಲೂ ಚೆಕ್, ಕರಾರುಪತ್ರಗಳಲ್ಲಿರುವ ಮಗಳ ಸಹಿಯ ಪಕ್ಕದಲ್ಲಿಟ್ಟು ಅಕ್ಷರದ ಓಟ ಹೋಲಿಸುತ್ತಾರೆ. ಮಗಳದೆಂದು ಖಚಿತವಾದರೆ ಬೆಲೆ ಬಹಳ ಹೆಚ್ಚು. ಅಮ್ಮನದನ್ನು ನಕಲಿ ಎನ್ನೋಣವೇ? ಆಕೆ ಬರೆದದ್ದು ಹುಟ್ಟಿನಿಂದ ಬಂದ ತನ್ನದೇ ಹೆಸರು. ಒಂದು ಕಾಲಕ್ಕೆ ಪರದೆಯ ಮೇಲೆ ನೋಡಬೇಕೆಂದು ಆಸೆಪಟ್ಟ ಹೆಸರು.

1937ರ ಮೇ ಕೊನೆಯಲ್ಲಿ ‘ಸಾರಟೋಗ’ ಸೆಟ್‌ನಲ್ಲಿ ಹಾರ್ಲೋ ಕುಸಿದಳು. ಜೂನ್ 7ರಂದು ತೀರಿಕೊಂಡಳು. ವಯಸ್ಸು 26. ಎರಡೂ ಕಿಡ್ನಿ ಕೈಕೊಟ್ಟಿದ್ದವು. ಹದಿಹರೆಯದಲ್ಲಿ ಬಂದ ಸ್ಕಾರ್ಲೆಟ್ ಜ್ವರವೇ ಮೂಲವೆನ್ನುತ್ತಾರೆ. ಅಮ್ಮ ಚಿಕಿತ್ಸೆ ಕೊಡಿಸಲಿಲ್ಲ ಎಂಬ ಸುದ್ದಿ ಬಹುಕಾಲ ಹರಿದಾಡಿತು. ಆದರೆ ವೈದ್ಯರು, ನರ್ಸ್‌ಗಳು ಹತ್ತಿರವೇ ಇದ್ದರು. ಅವರ ಬಳಿ ಇಲ್ಲದ್ದು ಯಂತ್ರ. ಸೆಲ್ಲೋಫೇನ್ ಕೊಳವೆಯನ್ನು ಡ್ರಮ್‌ಗೆ ಸುತ್ತಿ ರಕ್ತ ಶುದ್ಧಿ ಮಾಡುವ ಡಯಾಲಿಸಿಸ್ ಯಂತ್ರವನ್ನು ವಿಲಿಯಂ ಕೋಲ್ಫ್ ನೆದರ್ಲೆಂಡ್ಸ್‌ನಲ್ಲಿ ರೋಗಿಗೆ ಬಳಸಿದ್ದು 1943ರಲ್ಲಿ. ಬಿಇ ಓದುತ್ತಿರುವ ನನ್ನನ್ನು ಈ ಐದಾರು ವರ್ಷಗಳ ಅಂತರ ಕಾಡುತ್ತಲೇ ಇರುತ್ತದೆ.

ಉಳಿದ ದೃಶ್ಯಗಳನ್ನು ಬೇರೆ ನಟಿಯನ್ನು ನಿಲ್ಲಿಸಿ ಮುಗಿಸಿದರು. ಆಕೆ ಬರೆದಿಟ್ಟಿದ್ದ ಕಾದಂಬರಿ ‘ಟುಡೇ ಈಸ್ ಟುನೈಟ್’ ಅಚ್ಚಾದದ್ದು 1965ರಲ್ಲಿ. ಗ್ಲೆಂಡೇಲ್‌ನ ಫಾರೆಸ್ಟ್ ಲಾನ್‌ನಲ್ಲಿರುವ ಸಮಾಧಿಯಲ್ಲಿ ಹಾರ್ಲೀನ್ ಎಂದೂ ಇಲ್ಲ, ಜೀನ್ ಎಂದೂ ಇಲ್ಲ. ನಮ್ಮ ಕೂಸು ಎಂಬರ್ಥದ ಎರಡೇ ಪದಗಳಿವೆ.

ಅಮ್ಮನ ಪ್ರೀತಿ ಸುಳ್ಳೆಂದು ನಾನು ಹೇಳಲಾರೆ. ನಮ್ಮಲ್ಲೂ ಅಪ್ಪ-ಅಮ್ಮಂದಿರಿಗೆ ಕೈತಪ್ಪಿದ ಸೀಟನ್ನು ಮಕ್ಕಳು ತುಂಬುವುದುಂಟು, ಅದರಲ್ಲೂ ಪ್ರೀತಿ ಇದ್ದೇ ಇರುತ್ತದೆ. ಆದರೆ ಮಗಳಿಗೆ ಏನು ಬೇಕಿತ್ತೆಂದು ಯಾರಾದರೂ ಕೇಳಬೇಕಿತ್ತು. ಬಿಡುವಾದಾಗ ‘ಡಿನ್ನರ್ ಅಟ್ ಏಟ್’ ನೋಡಿ. ಸಹಿ ಯಾರದೇ ಇರಲಿ, ಅಲ್ಲಿ ನಮ್ಮನ್ನು ನಗಿಸುವವಳು ಮಗಳೇ.